ಹಿಂದಕ್ಕೆ ಬಂದ ಹೊಗೆ

ಇಷ್ಟು ಸಣ್ಣ ಸಂಗತಿ ಕಥೆಯಾದೀತೋ ಇಲ್ಲವೋ, ಹೇಳಲು ಹೊರಟದ್ದಕ್ಕೆ ಕ್ಷಮೆಯಿರಲಿ. ದರ್ಜಿ ಮತ್ತೆ ಕಡ್ಡಿ ಗೀರಿದ. ಕಬ್ಬಿಣದ ಒಲೆಯ ಹೊಗೆ ಚಿಮಣಿಗೆ ಏರದೆ ಮತ್ತೆ ಕೋಣೆಗೇ ನುಗ್ಗಿತು.

"ಕಟ್ಟಿಗೆ ಒಣಗಿದೆ, ಚಿಮಣಿ ಗುಡಿಸಿದ್ದೀನಿ. ಇನ್ನೇನು, ಇದರ ಕಾಲು ಹಿಡೀಬೇಕಾ?"

"ಅಮ್ಮನ ಎದೆ ಮೊದಲೇ ಸರಿಯಿಲ್ಲ ಕಣ್ರೀ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಚಳಿಗಾಲ ಕಳೆಯುವವರೆಗೆ ಇಲ್ಲೇ ಇರಲೆಂದು ಅತ್ತೆಯನ್ನು ಅಂದೇ ಕರೆತಂದಿದ್ದರು. ಅವರಿಗಾಗಿ ದರ್ಜಿ ಬಟ್ಟೆಯ ಪಟ್ಟಿಗಳನ್ನು ಹೊಲಿದು ಕಿಟಕಿ ಬಾಗಿಲುಗಳ ಸಂದುಸಂದಿಗೂ ತುರುಕಿದ್ದ. ಒಂದೆಳೆ ಗಾಳಿಯೂ ನುಸುಳದೆಂದು ಬೀಗಿದ್ದ.

ಅತ್ತೆ ಕೆಮ್ಮುತ್ತಾ ಚೀಲ ಎತ್ತಿಕೊಂಡರು. "ಅಳಿಯಂದಿರೇ, ನನ್ನನ್ನ ಬೆಚ್ಚಗಿಡ್ತೀರೋ, ಹೊಗೆ ಹಾಕಿ ಓಡಿಸ್ತೀರೋ? ನಾನು ಮಗನ ಮನೆಗೇ ಹೋಗ್ತೀನಿ."

"ಅಯ್ಯೋ, ಕಿಟಕಿ ತೆಗೀಬೇಡಿ, ಚಳಿ ಬರುತ್ತೆ!" ಎಂದು ದರ್ಜಿ ಕೂಗುವಷ್ಟರಲ್ಲಿ ಅವರು ಪಟ್ಟಿ ಕಿತ್ತೆಸೆದು ಕಿಟಕಿಯನ್ನು ಬೆರಳಗಲ ತೆರೆದಿದ್ದರು. ತಣ್ಣನೆಯ ಗಾಳಿ ಒಳಗೆ ಬಂದದ್ದೇ ತಡ, ಹೊಗೆ ತಿರುಗಿ ಸರ್ರನೆ ಚಿಮಣಿ ಏರಿತು. ಕಟ್ಟಿಗೆ ಧಗ್ಗನೆ ಹೊತ್ತಿಕೊಂಡಿತು.

ಅತ್ತೆ ಚೀಲ ಕೆಳಗಿಟ್ಟು ಬೆಂಕಿಗೆ ಕೈಯೊಡ್ಡಿದರು. ಒಳಗೆ ಗಾಳಿ ಬಾರದೆ ಹೊಗೆ ಹೊರಗೆ ಹೋಗದೆಂದು ಅವರಿಗೆ ಗೊತ್ತಿತ್ತೋ, ಬರೀ ಉಸಿರಾಡಲೆಂದು ಕಿಟಕಿ ತೆರೆದರೋ, ನನಗೆ ತಿಳಿಯದು.