ಸದ್ದಾಗದ ಹಾಗೆ

“ಕಿಕ್ ಹೊಡಿ ಅಂತ ಹೇಳಮ್ಮಾ ಅವನಿಗೆ,” ಅಂದ ಅಣ್ಣ.

ಅವನು ಅಂದರೆ ತಮ್ಮ. ಹಳೇ ಮೋಟಾರ್‌ಸೈಕಲ್ಲಿನ ಆ ಬದಿಗೆ, ಒಂದು ಮೊಳ ದೂರದಲ್ಲೇ ನಿಂತಿದ್ದ. ಹುಟ್ಟಿನಲ್ಲೂ ಜಗಳದಲ್ಲೂ ಇಬ್ಬರ ನಡುವಿನವಳಾದ ಸೋದರಿ ಆ ಮಾತನ್ನೇ ಎತ್ತಿ ತಮ್ಮನಿಗೆ ದಾಟಿಸಿದಳು. ಹಿತ್ತಲ ಗೋಡೆಗೆ ಯಾವ ಬಣ್ಣ ಬಳಿಯಬೇಕೆಂದು ಶುರುವಾದ ಜಗಳ, ಮನೆಯನ್ನು ಎರಡು ಮಾಡಿ, ಮಾತನ್ನೂ ಬಿಡಿಸಿ ವರ್ಷಗಳೇ ಕಳೆದಿದ್ದವು. ಇಬ್ಬರಿಗೂ ಸೇರಿದ್ದು ಅಂತ ಉಳಿದದ್ದು ಅಪ್ಪನ ಈ ಗಾಡಿ ಒಂದೇ. ಇವತ್ತು ಅದೂ ಹೊರಟಿತ್ತು. ಮ್ಯೂಸಿಯಮ್ಮಿನ ಲಾರಿ ಶೆಡ್ಡಿನ ಬಾಗಿಲಿಗೆ ಹಲಗೆ ಇಳಿಸಿಕೊಂಡು ಕಾಯುತ್ತಿತ್ತು. ‘ಭಗವಂತಾ, ಇದೊಂದು ಹೋದರೆ ಇವರಿಬ್ಬರನ್ನು ಒಂದೆಡೆ ನಿಲ್ಲಿಸೋಕೆ ನನ್ನ ಹತ್ತಿರ ಇನ್ನೇನಿದೆ?’ ಎಂದು ನಡುವಿನವಳು ಒಳಗೊಳಗೇ ಮೊರೆಯಿಟ್ಟಳು.

ತಮ್ಮ ಕಿಕ್ ಹೊಡೆದ. ಗಾಡಿ ಕೆಮ್ಮಿತು. ಮತ್ತೆ ಹೊಡೆದ. ಗುಡುಗಿಕೊಂಡು ಎದ್ದಿತು ಎಂಜಿನ್! ಶೆಡ್ಡಿನ ತಗಡೆಲ್ಲ ಅದುರಿತು, ನಡುವಿನವಳ ಎದೆಯೂ ಕುಣಿಯಿತು. ಅಪ್ಪ ಕಲಿಸಿದ ಹಾಗೆ ಅಣ್ಣ ಸೀಟಿನ ಕೆಳಗಿನ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ. ಎಂಜಿನ್ನಿಗೆ ಇಳಿದ ಎಣ್ಣೆ ತಿರುಗಿ ಮೇಲೆ ಬರುತ್ತಿದೆಯೋ ಇಲ್ಲವೋ ನೋಡಬೇಕಲ್ಲ.

ಬಂತು. ಬರಬೇಕಾದ್ದಕ್ಕಿಂತ ನಾಲ್ಕು ಪಾಲು ಹೆಚ್ಚೇ ಬಂತು. ಟ್ಯಾಂಕು ತುಂಬಿ, ಉಕ್ಕಿ, ಅಣ್ಣನ ಹುಬ್ಬು, ಮೀಸೆ, ಬಿಳೀ ಅಂಗಿ ಎಲ್ಲವನ್ನೂ ಮೀಯಿಸಿಬಿಟ್ಟಿತು. ಹಿಂದಿನಿಂದ ಎದ್ದ ಹೊಗೆಗೆ ಅಷ್ಟು ದೊಡ್ಡ ಲಾರಿಯೇ ಮಾಯವಾಯಿತು.

“ಆಫ್ ಮಾಡೋ! ಲೋ, ಆಫ್ ಮಾಡೋ!”

ಮಾತು ನೇರವಾಗಿ ತಮ್ಮನಿಗೇ ಹೋಗಿತ್ತು. ತಮ್ಮ ಆಫ್ ಮಾಡಿದ.

“ಯಾವನೋ ಇಷ್ಟು ಎಣ್ಣೆ ಸುರಿದಿದ್ದು? ನಾನು ಹಾಕಿದ್ದು ಬರೀ ಅರ್ಧ ಕ್ಯಾನು!”

ತಮ್ಮ ಬೆಪ್ಪಾಗಿ ನೋಡಿದ. “ನೀನು ಹಾಕಿದ್ಯಾ? ನಾನೂ ಹಾಕಿದ್ನಲ್ಲ. ಟ್ಯಾಂಕು ಒಣಗಿತ್ತು.”

“ಒಣಗಿತ್ತಂತೆ! ನಿಂತ ಗಾಡೀಲಿ ಎಣ್ಣೆ ಎಂಜಿನ್ ಹೊಟ್ಟೆಗೆ ಇಳಿದಿರುತ್ತೆ ಕಣೋ ಮಂಕೇ. ಸ್ಟಾರ್ಟ್ ಮಾಡಿ, ಅದು ಮೇಲೆ ಬಂದ್ಮೇಲೆ ನೋಡಿ ಹಾಕ್ಬೇಕು. ಅಪ್ಪ ಕಿವಿ ಹಿಂಡಿ ಹೇಳ್ಕೊಟ್ಟಿದ್ದು ಮರೆತ್ಯಾ?”

“ನಿನ್ನ ಕಿವೀನೂ ಹಿಂಡಿದ್ರಲ್ಲ, ನೀನ್ಯಾಕೆ ಸ್ಟಾರ್ಟ್ ಮಾಡ್ಲಿಲ್ಲ?”

ಅಣ್ಣ ಮೀಸೆಯಿಂದ ತೊಟ್ಟಿಕ್ಕುತ್ತಿದ್ದುದನ್ನು ತೋಳಿನಿಂದ ಒರೆಸಿಕೊಂಡ. “ಸದ್ದಾಗುತ್ತಲ್ಲೋ. ಸದ್ದು ಕೇಳಿ ನೀನು ಬಂದ್ಬಿಟ್ರೆ?”

“ನಾನೂ ಅದಕ್ಕೇ...” ಅಂದ ತಮ್ಮ, ನೆಲ ನೋಡುತ್ತ.

“ಬಂದಿದ್ರೆ ಏನಾಗ್ತಿತ್ರೋ?” ನಡುವಿನವಳು ಕೇಳಿಯೇಬಿಟ್ಟಳು.

ತಮ್ಮ ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ತಳದ ಬೋಲ್ಟು ಸಡಿಲಿಸಿದ. ಅಣ್ಣ ಬೋಗುಣಿ ತಳ್ಳಿದ. ಎಣ್ಣೆ ಧಾರೆಯಾಗಿ ಇಳಿಯಿತು, ಇಳಿಯುತ್ತಲೇ ಇತ್ತು. ಬೋಗುಣಿ ತುಂಬಿತು. “ಇನ್ನೊಂದು!” ಎಂದು ಇಬ್ಬರೂ ಒಟ್ಟಿಗೇ ಕೂಗಿದರು. ನಡುವಿನವಳು ಸೆರಗು ಸಿಕ್ಕಿಸಿ ಓಡಿದಳು, ಬಕೆಟ್ಟು ತಂದಳು.

“ನಿನ್ನ ಅರ್ಧ ಕ್ಯಾನು ಇಷ್ಟೊಂದೇನಣ್ಣ?”

“ಎರಡು ಸಲ ಹಾಕಿದ್ದೆ ಕಣೋ.”

“ನಾನು ಮೂರು ಸಲ,” ಅಂದ ತಮ್ಮ. ಅಣ್ಣನಿಗೆ ನಗು ತಡೆಯಲಿಲ್ಲ. ಎಣ್ಣೆಯಲ್ಲಿ ಅದ್ದಿ ತೆಗೆದ ಮುಖವನ್ನು ಮೇಲೆತ್ತಿ, ಹೊಟ್ಟೆ ಹಿಡಿದುಕೊಂಡು ನಕ್ಕ.

ಲಾರಿ ಡ್ರೈವರು ಹೊಗೆಯೊಳಗಿಂದ ಕೆಮ್ಮುತ್ತ ತಲೆ ಹಾಕಿದ. “ಯಜಮಾನ್ರೇ, ಗಾಡಿ ಏರಿಸೋಣ್ವಾ?”

“ಸೋರ್ತಾ ಇದೆಯಲ್ಲಪ್ಪ,” ಅಂದ ಅಣ್ಣ.

“ಮತ್ತೆ ಯಾವಾಗ ಬರ್ಲಿ?”

ಅಣ್ಣ ತಮ್ಮನ ಮುಖ ನೋಡಿದ.

“ಸೋರೋದು ನಿಂತ ಮೇಲೆ ಬಾ,” ಅಂದ ತಮ್ಮ, ಬೋಲ್ಟನ್ನು ಇನ್ನೊಂದು ಸುತ್ತು ಸಡಿಲಿಸುತ್ತ.