ಏಕಾದಶಿಯ ಗುಳಿಗೆಗಳು

ಆಪರೇಷನ್ನಿಗೆ ಹಸಿರು ಗೌನು ತೊಡಿಸಲೆಂದು ನರ್ಸ್ ಅಬಿದಾ ನಲಿನಿಬಾಯಿಯವರ ಸೀರೆ ಬಿಡಿಸುತ್ತಿದ್ದಾಗ ಸೆರಗಿನ ಗಂಟು ಸಡಿಲಿ ಆರು ಗುಳಿಗೆಗಳು ನೆಲಕ್ಕುದುರಿದವು. ಕರುಳು ಕೊಯ್ದಾಗ ನಂಜೇರದಿರಲೆಂದು ನಿನ್ನೆಯೇ ಎರಡೆರಡರಂತೆ ಮೂರು ಸಲ ನುಂಗಬೇಕಾಗಿದ್ದ ಗುಳಿಗೆಗಳವು. ಅಬಿದಾಳಿಗೆ ಸಿಟ್ಟು ನೆತ್ತಿಗೇರಿತು.

"ಇವನ್ಯಾಕ ನುಂಗಿಲ್ರಿ ಬಾಯಾರ?"

"ನಿನ್ನಿ ಏಕಾದಶಿ ಇತ್ತಲ್ಲವಾ, ಹನಿ ನೀರ ಸೈತ ಮುಟ್ಟಂಗಿಲ್ಲ ನಾ. ಇವತ್ತ ದ್ವಾದಶಿ. ಕೊಡು, ಆರೂ ಕೂಡೇ ನುಂಗಿಬಿಡ್ತೇನಿ," ಎಂದು ಮುದುಕಿ ಅಂಗೈ ಚಾಚಿದರು.

"ದೇವಣಗಾಂವ ಸಾಲ್ಯಾಗ ಮೂವತ್ತ ವರ್ಷ ಕಲಿಸಿದವರು ನೀವು, ಇಷ್ಟೂ ತಿಳೀಲಿಲ್ಲೇನ್ರಿ? ಹೊಟ್ಟ್ಯಾಗ ಕೀವು ಆದ್ರ ಯಾರು ಹೊಣಿ?" ಎಂದವಳೇ ಬಾಗಿಲಲ್ಲಿ ನಿಂತಿದ್ದ ಮಗ ಶ್ರೀವಲ್ಲಭನ ಮೇಲೆ ಹರಿಹಾಯ್ದಳು. "ಮಗ ಆಗಿ ನೀವೇನ ಮಾಡಾಕತ್ತಿದ್ರಿ? ತಾಯಿ ನುಂಗಿದ್ದು ಬಿಟ್ಟಿದ್ದು ನೋಡಾಕ ಕಣ್ಣಿರಲಿಲ್ಲೇನು?"

ಶ್ರೀವಲ್ಲಭ ಮಂಚಕ್ಕೆ ನೇತುಹಾಕಿದ್ದ ಹಾಳೆಯನ್ನು ತೆಗೆದು ಅವಳ ಮುಂದೆ ಹಿಡಿದ. ಮೂರು ಹೊತ್ತಿನ ಎದುರಿಗೂ 'ನುಂಗಿದ್ದಾರೆ' ಎಂದಿತ್ತು. ಮೂರರ ಕೆಳಗೂ ಅಬಿದಾಳದೇ ಸಹಿ. ಮೂರೂ ಸಲ ಗುಳಿಗೆಯನ್ನು ಅಂಗೈಗೆ ಹಾಕಿ, ಅದು ಬಾಯಿಗೆ ಹೋಯಿತೋ ಇಲ್ಲವೋ ನೋಡದೆ ಪಕ್ಕದ ಮಂಚಕ್ಕೆ ಹೋದವಳು ಅವಳೇ.

"ನಾನೂ ಇದನ್ನ ನೋಡೇ ಸುಮ್ಮನಾಗಿದ್ದೆ ಸಿಸ್ಟರ್," ಎಂದ.

ಆಪರೇಷನ್ ಕೋಣೆಯ ಒಳಗಿನಿಂದ ಡಾಕ್ಟರು ಕೂಗಿದರು: "ಅಬಿದಾ, ನಿನ್ನಿ ಗುಳಿಗಿ ಎಲ್ಲಾ ಆಗ್ಯಾವಲ್ಲ?"

ಅವಳ ದನಿಯಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು. "ಇಲ್ರಿ ಸರ್. ನಾ ಸುಳ್ಳ ಬರದೇನಿ."