ಖೈರುನ್ನೀಸಾ ದತ್ತಿ ಮೂಗು

೨೦೭೧ರ ಜುಲೈ ೧೪, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೈಸೂರಿನ ವಿಶ್ವವಿದ್ಯಾಲಯವೊಂದರಲ್ಲಿ ಖೈರುನ್ನೀಸಾ ಅವರ ಮೂಗು ಆರನೆಯ ವಿದ್ಯಾರ್ಥಿಗೆ ಹಸ್ತಾಂತರವಾಯಿತು.

ನಲವತ್ತು ವರ್ಷ ಊದಿನಕಡ್ಡಿ ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಿಸಿದ್ದ ಅವರು, ನಿವೃತ್ತರಾದ ದಿನವೇ ವಾಸನೆ ಹಿಡಿಯುವ ತಮ್ಮ ಶಕ್ತಿಯನ್ನು ಸಂಶೋಧನಾ ವಿದ್ಯಾರ್ಥಿಗಳಿಗೆ ದತ್ತಿಯಾಗಿ ಬರೆದುಕೊಟ್ಟಿದ್ದರು. ಮೂರು ವರ್ಷಕ್ಕೊಬ್ಬರಿಗೆ ಫೆಲೋಶಿಪ್. ಅಂದಿನಿಂದ ಅವರಿಗೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ.

ಈ ಸಲದ ಚಾರುಮತಿ ಕುಡಿಯುವ ನೀರಿನ ಮೇಲೆ ಸಂಶೋಧನೆ ಮಾಡುವವಳು. ಪರೀಕ್ಷಕರು ಮುಂದಿಟ್ಟ ಐದು ಬಾಟಲಿಗಳಲ್ಲಿ ಪಾಚಿ ಬಿಟ್ಟ ವಾಸನೆ ಇರುವ ಒಂದನ್ನು ಗುರುತಿಸಿದರೆ ಮಾತ್ರ ಫೆಲೋಶಿಪ್ ಖಾಯಂ. ಎರಡು ಸುತ್ತು ಮೂಸಿದರೂ ಎಲ್ಲವೂ ಒಂದೇ ಎನಿಸಿ ಅವಳ ಕಣ್ಣು ತುಂಬಿತು.

“ನಿಮ್ಮ ಮೂಗು ನಂಗೆ ಒಗ್ತಿಲ್ಲ, ಖೈರಮ್ಮ,” ಎಂದಳು, ಪಕ್ಕದಲ್ಲೇ ಕುಳಿತಿದ್ದ ಖೈರುನ್ನೀಸಾ ಅವರಿಗೆ.

“ಒಗ್ಗದೆ ಏನು? ಐದು ಜನಕ್ಕೆ ಒಗ್ಗಿದೆ. ಹಸಿದ ಬೆಕ್ಕಿನ ಥರ ಒಂದೇ ಸಮ ಮೂಸ್ತಿದ್ದೀಯಲ್ಲ, ಪಾಪ, ಅದಕ್ಕೆ ಸುಸ್ತಾಗಿದೆ. ಮೊಣಕೈ ಒಳಗಡೆ ಮೂಸಮ್ಮ, ನಿನ್ನ ಮೈವಾಸನೇನೇ. ಕಾರ್ಖಾನೇಲಿ ನಾವು ಹಂಗೇ ಮೂಗು ತೊಳೀತಿದ್ದಿದ್ದು.”

ಪರೀಕ್ಷಕರು ನಕ್ಕರು. ಚಾರುಮತಿ ಮೊಣಕೈಯ ಮಡಿಕೆಗೆ ಮೂಗಿಟ್ಟು ಉಸಿರೆಳೆದಳು. ಮತ್ತೆ ಮೊದಲಿನಿಂದ ಮೂಸುತ್ತಾ ಬಂದು ನಾಲ್ಕನೆಯ ಬಾಟಲಿಯ ಬಳಿ ನಿಂತಳು.

“ಇದೇ.”

“ಹೆಂಗಿದೆ?” ಖೈರುನ್ನೀಸಾ ಆಸೆಯಿಂದ ಕೇಳಿದರು.

“ಮೊದಲ ಮಳೆ ಬಿದ್ದ ಮಣ್ಣಿನ ಥರ.”

“ಓ, ಅದಾ! ಅದು ಚೆನ್ನಾಗಿರುತ್ತೆ,” ಎಂದು ಅವರು ತಲೆಯಾಡಿಸಿದರು.

ಪರೀಕ್ಷಕರು ಲಕೋಟೆ ಒಡೆದು ಓದಿದರು: ನಾಲ್ಕನೆಯ ಬಾಟಲಿ, ಮಳೆಮಣ್ಣಿನ ವಾಸನೆ ಕೊಡುವ ಪಾಚಿಯ ಅಂಶ ಲೀಟರಿಗೆ ಐದು ನ್ಯಾನೋಗ್ರಾಂ.